ಗಿಡದೊಳಗಿನ ನಂಜು ಕಳೆಯುವ ಜೀನ್‌ಗಳು

ಜೀವಕೋಶದಲ್ಲಿ ಹುಟ್ಟುವ ಆಲ್ಡಿಹೈಡ್‌ಗಳನ್ನು ಆಮ್ಲಗಳಾಗಿ ಮಾರ್ಪಡಿಸುವ ಕಿಣ್ವಗಳಿಗೆ ಆಲ್ಡಿಹೈಡ್ ಡಿಹೈಡ್ರೋಜಿನೇಸ್ ಎಂದು ಹೆಸರು. ಬ್ಯಾಕ್ಟೀರಿಯಗಳಿಂದ ಹಿಡಿದು ಮನುಷ್ಯರವರೆಗೆ ಇವು ಇವೆ. ಸಸ್ಯಗಳಲ್ಲಿ ಇವುಗಳ ಜೀನ್‌ಗಳು ಹಲವು: ಸಾಸಿವೆ ಕುಟುಂಬದ ಪುಟ್ಟ ಗಿಡ ಅರಾಬಿಡಾಪ್ಸಿಸ್‌ನಲ್ಲಿ 16, ಭತ್ತದಲ್ಲಿ ಸುಮಾರು 20.

ಬರ, ಉಪ್ಪು, ಚಳಿ, ಬಿರುಬಿಸಿಲಿಗೆ ಸಿಕ್ಕ ಗಿಡದ ಕೋಶಗಳಲ್ಲಿ ಆಮ್ಲಜನಕದ ಉಗ್ರ ರೂಪಗಳು ಮಿತಿಮೀರುತ್ತವೆ. ಇವು ಕೋಶಪೊರೆಯ ಕೊಬ್ಬನ್ನು ಒಡೆದಾಗ ಮಲಾನ್‌ಡೈಆಲ್ಡಿಹೈಡ್‌ನಂಥ ವಸ್ತುಗಳು ಉಂಟಾಗುತ್ತವೆ. ಅಲ್ಪ ಪ್ರಮಾಣದ ಆಲ್ಡಿಹೈಡ್ ಕೋಶಕ್ಕೆ ಸಹಜವೇ. ಹೆಚ್ಚಾದರೆ ಅದು ಪ್ರೋಟೀನು ಮತ್ತು ಡಿಎನ್‌ಎಗೆ ಅಂಟಿಕೊಂಡು ಅವುಗಳ ಕೆಲಸ ಕೆಡಿಸುತ್ತದೆ. ಈ ಹೊತ್ತಿನಲ್ಲಿ ಆಲ್ಡಿಹೈಡ್ ಡಿಹೈಡ್ರೋಜಿನೇಸ್ ಜೀನ್‌ಗಳಲ್ಲಿ ಹಲವು ಚುರುಕಾಗುತ್ತವೆ. ಬರಗಾಲದಲ್ಲಿ ಹೆಚ್ಚುವ ಅಬ್ಸಿಸಿಕ್ ಆಮ್ಲವೆಂಬ ಹಾರ್ಮೋನು ಕೆಲವಕ್ಕೆ ಸೂಚನೆ ಕೊಡುತ್ತದೆ. ಒಣಗಿ ಮುರುಟಿದ ಮೇಲೂ ನೀರು ಸಿಕ್ಕೊಡನೆ ಚೇತರಿಸಿಕೊಳ್ಳುವ ಆಫ್ರಿಕಾದ ಕ್ರೆಟರೊಸ್ಟಿಗ್ಮ ಗಿಡದಲ್ಲೂ ಇಂಥದೊಂದು ಜೀನ್ ಪತ್ತೆಯಾಗಿದೆ. ಅರಾಬಿಡಾಪ್ಸಿಸ್‌ನಲ್ಲಿ ಇಂಥ ಕೆಲವು ಜೀನ್‌ಗಳನ್ನು ಹೆಚ್ಚು ದುಡಿಯುವಂತೆ ಮಾಡಿದಾಗ ಬರ ಮತ್ತು ಉಪ್ಪನ್ನು ತಾಳುವ ಶಕ್ತಿ ಹೆಚ್ಚಿತು, ಮಲಾನ್‌ಡೈಆಲ್ಡಿಹೈಡ್ ಪ್ರಮಾಣ ತಗ್ಗಿತು.

ನೆರೆಯಲ್ಲೂ ಈ ಕಿಣ್ವಗಳಿಗೆ ಕೆಲಸವಿದೆ. ನೀರಿನಲ್ಲಿ ಮುಳುಗಿದ ಭತ್ತಕ್ಕೆ ಆಮ್ಲಜನಕ ಸಾಲದು. ಅದು ಹುದುಗುವಿಕೆಯಿಂದ ಶಕ್ತಿ ಪಡೆಯುತ್ತದೆ, ಕೋಶಗಳಲ್ಲಿ ಎಥನಾಲ್ ಕೂಡಿಕೊಳ್ಳುತ್ತದೆ. ನೀರು ಇಳಿದು ಗಾಳಿ ತಾಗಿದೊಡನೆ ಈ ಎಥನಾಲ್ ಅಸಿಟಾಲ್ಡಿಹೈಡ್ ಆಗುತ್ತದೆ. ಮೈಟೊಕಾಂಡ್ರಿಯದಲ್ಲಿರುವ ಕಿಣ್ವವು ಅದನ್ನು ಅಸಿಟಿಕ್ ಆಮ್ಲವಾಗಿಸಿ ಗಿಡಕ್ಕೆ ರಕ್ಷಣೆ ಕೊಡುತ್ತದೆ.

ಕೆಲವು ಕಿಣ್ವಗಳು ನಂಜು ಕಳೆಯುವುದರ ಜೊತೆಗೆ ಉಪಯುಕ್ತ ವಸ್ತುಗಳನ್ನೂ ತಯಾರಿಸುತ್ತವೆ. ಪಾಲಕ್ ಸೊಪ್ಪಿನಲ್ಲಿ ಬೀಟೇನ್ ಆಲ್ಡಿಹೈಡ್ ಡಿಹೈಡ್ರೋಜಿನೇಸ್ ಕಿಣ್ವವು ಗ್ಲೈಸಿನ್ ಬೀಟೇನನ್ನು ಉತ್ಪಾದಿಸುತ್ತದೆ. ಉಪ್ಪು ಹೆಚ್ಚಿದ ನೆಲದಲ್ಲೂ ಕೋಶದೊಳಗೆ ನೀರು ಉಳಿಯಲು, ಪ್ರೋಟೀನುಗಳು ಕೆಡದಿರಲು ಇದು ನೆರವಾಗುತ್ತದೆ. ಭತ್ತ ಈ ಬೀಟೇನನ್ನು ಶೇಖರಿಸುವುದಿಲ್ಲ. ಆದರೂ ಅದೇ ಗುಂಪಿನ ಒಂದು ಜೀನ್ ಭತ್ತದ 8ನೆಯ ವರ್ಣತಂತುವಿನಲ್ಲಿದೆ. ಬಾಸ್ಮತಿ, ಜಾಸ್ಮಿನ್‌ನಂಥ ಸುವಾಸನೆಯ ಅಕ್ಕಿಗಳಲ್ಲಿ ಈ ಜೀನಿನ 8 ಅಕ್ಷರಗಳು ಬಿಟ್ಟುಹೋಗಿ ಕಿಣ್ವ ಕೆಲಸ ಮಾಡುವುದಿಲ್ಲ. ಅದು ಮಾರ್ಪಡಿಸಬೇಕಿದ್ದ ಆಲ್ಡಿಹೈಡ್ ಹಾಗೆಯೇ ಉಳಿದು, 2-ಅಸಿಟೈಲ್-1-ಪೈರೊಲಿನ್ ಎಂಬ ಪರಿಮಳದ ವಸ್ತುವಾಗುತ್ತದೆ. ಅನ್ನದ ಘಮಕ್ಕೆ ಮುಖ್ಯ ಕಾರಣ ಇದೇ.

ಬರ ಮತ್ತು ಸವಳು ನೆಲದಲ್ಲಿ ಬೆಳೆಯಬಲ್ಲ ತಳಿಗಳ ಹುಡುಕಾಟದಲ್ಲಿ ಈ ಜೀನ್‌ಗಳ ಅರಿವು ಬಹಳ ಬೆಲೆಯುಳ್ಳದ್ದು. ಆದರೆ ತಾಳಿಕೆ ಹಲವು ಜೀನ್‌ಗಳು ಕೂಡಿ ಕೊಡುವ ಗುಣ. ಪ್ರಯೋಗಾಲಯದ ಕುಂಡದಲ್ಲಿ ಗೆದ್ದ ಗಿಡ ರೈತನ ಹೊಲದಲ್ಲೂ ಇಳುವರಿ ಕೊಟ್ಟಾಗಲೇ ಈ ಸಂಶೋಧನೆ ಸಾರ್ಥಕ.