ಸ್ವತಂತ್ರ ಸಂಗೀತ ನಿರ್ಮಾಣ ವೃತ್ತಿ: ದರ, ಕರಾರು, ಹಕ್ಕು ಮತ್ತು ತೆರಿಗೆ

ಜವಳಿ ಅಂಗಡಿಯ ದೀಪಾವಳಿ ರಿಯಾಯಿತಿಗೆ, ಅಗರಬತ್ತಿಯ ಹೊಸ ಗುರುತಿಗೆ, ಮಸಾಲೆ ಪುಡಿಯ ರೇಡಿಯೋ ಜಾಹೀರಾತಿಗೆ ಮೂವತ್ತು ಸೆಕೆಂಡಿನ ಹಾಡೊಂದನ್ನು ಮಾಡಿಸುವುದು ನಮ್ಮ ಸದಸ್ಯರಿಗೆ ಹೊಸದೇನಲ್ಲ. ಆದರೆ ಆ ಹಾಡನ್ನು ಸಿದ್ಧಪಡಿಸಿಕೊಡುವವರ ಸ್ವರೂಪ ಈಗ ಬದಲಾಗಿದೆ. ಹಿಂದೆ ಕನ್ನಡ ಚಲನಚಿತ್ರ ಗೀತೆಗಳ ಧ್ವನಿಮುದ್ರಣಕ್ಕೂ ಬಹುಮಟ್ಟಿಗೆ ಮದರಾಸಿನ ಸ್ಟುಡಿಯೋಗಳನ್ನೇ ಅವಲಂಬಿಸಬೇಕಾಗಿತ್ತು. ಆ ಅವಲಂಬನೆಯನ್ನು ತಗ್ಗಿಸುವ ದಿಸೆಯಲ್ಲಿ ಶಂಕರ್ ನಾಗ್ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಸಂಕೇತ್ ಸ್ಟುಡಿಯೋ ಒಂದು ಗಣನೀಯ ಹೆಜ್ಜೆಯಾಗಿತ್ತು. ಇಂದು ಅದೇ ಕೆಲಸದ ಬಹುಭಾಗವನ್ನು ಕಂಪ್ಯೂಟರ್, ಮೈಕ್ರೊಫೋನ್ ಮತ್ತು ಒಂದು ಜೊತೆ ಸ್ಪೀಕರುಗಳಿರುವ ಕೋಣೆಯಲ್ಲಿ ಒಬ್ಬರೇ ಕುಳಿತು ಮಾಡುತ್ತಾರೆ. ಇವರು ಯಾವ ಸಂಸ್ಥೆಯ ನೌಕರರೂ ಅಲ್ಲ. ಕೆಲಸದ ಲೆಕ್ಕದಲ್ಲಿ ಸಂಭಾವನೆ ಪಡೆಯುವ ಸ್ವತಂತ್ರ ವೃತ್ತಿನಿರತರು.

ಇಂಥವರು ನಮ್ಮ ಸದಸ್ಯರ ಸಂಪರ್ಕಕ್ಕೆ ಎರಡು ಬಗೆಯಲ್ಲಿ ಬರುತ್ತಾರೆ. ಒಂದು, ಜಾಹೀರಾತು ಗೀತೆ ಮಾಡಿಕೊಡುವ ಸರಬರಾಜುದಾರರಾಗಿ. ಇನ್ನೊಂದು, ಅಂಗಡಿ ಅಥವಾ ಕಾರ್ಖಾನೆಯ ಬದಲು ಈ ದಾರಿಯನ್ನು ಆರಿಸಿಕೊಂಡ ನಮ್ಮವರ ಮಕ್ಕಳಾಗಿ. ಈ ವ್ಯವಹಾರವು ಮೇಲ್ನೋಟಕ್ಕೆ ಜಾಬ್ ವರ್ಕಿನಂತೆ ಕಂಡರೂ ಒಂದು ಮುಖ್ಯ ವ್ಯತ್ಯಾಸವಿದೆ. ಜಾಬ್ ವರ್ಕಿನಲ್ಲಿ ಕೂಲಿ ಕೊಟ್ಟ ಮೇಲೆ ಮಾಲು ಮಾಡಿಸಿದವರದೇ ಆಗುತ್ತದೆ. ಇಲ್ಲಿ ಹಣ ಕೊಟ್ಟ ಮಾತ್ರಕ್ಕೆ ಹಾಡಿನ ಹಕ್ಕು ಕೈಗೆ ಬರುವುದಿಲ್ಲ. ಅದು ಬರುವುದು ಬರವಣಿಗೆಯ ಕರಾರಿನಿಂದ. ಇದನ್ನು ಎರಡೂ ಪಕ್ಷದವರು ಅರಿತಿರುವುದು ಅವಶ್ಯ.

ಕೆಲಸದ ಸ್ವರೂಪ

ಮ್ಯೂಸಿಕ್ ಪ್ರೊಡ್ಯೂಸರ್ ಮತ್ತು ಮಿಕ್ಸಿಂಗ್ ಎಂಜಿನಿಯರ್ ಎಂಬ ಎರಡು ಕೆಲಸಗಳನ್ನು ಅನೇಕ ವೇಳೆ ಒಬ್ಬರೇ ಮಾಡಿದರೂ ಅವು ಬೇರೆ ಬೇರೆ. ರಾಗ ಸಂಯೋಜನೆಗೆ ತಕ್ಕ ವಾದ್ಯಗಳನ್ನು ನಿರ್ಧರಿಸಿ, ಗಾಯಕರಿಂದ ಹಾಡಿಸಿ, ಧ್ವನಿಮುದ್ರಣವನ್ನು ಪೂರ್ಣಗೊಳಿಸುವುದು ಮೊದಲನೆಯದು. ರಾಗ ಸಂಯೋಜನೆಯನ್ನೂ ಅವರೇ ಮಾಡುವುದುಂಟು. ಪ್ರತ್ಯೇಕವಾಗಿ ಮುದ್ರಿಸಲಾದ ತಬಲಾ, ಕೊಳಲು, ಗಿಟಾರ್, ಗಾಯನ ಮುಂತಾದ ಹತ್ತಾರು ಪದರಗಳ ಮಟ್ಟವನ್ನು ಹೊಂದಿಸಿ, ಮಾತು ಸ್ಪಷ್ಟವಾಗಿ ಕೇಳುವಂತೆ ಮಾಡಿ, ಎಲ್ಲವನ್ನೂ ಒಂದು ಹದಕ್ಕೆ ತರುವುದು ಎರಡನೆಯದು. ಅದರ ನಂತರ ಬರುವ ಮಾಸ್ಟರಿಂಗ್ ಎಂಬುದು ಬಿಡುಗಡೆಗೆ ಮುಂಚಿನ ಅಂತಿಮ ಹಂತ.

ಸಿದ್ಧವಾದ ಹಾಡು ಎಲ್ಲಿ ಕೇಳಿಬರಲಿದೆ ಎಂಬುದರ ಮೇಲೆ ಈ ಹದವು ನಿಂತಿದೆ. ಯೂರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟದ ಆರ್128 ಶಿಫಾರಸಿನಲ್ಲಿ ಧ್ವನಿಮಟ್ಟದ ಗುರಿಯು ಮೈನಸ್ 23 ಎಲ್‌ಯುಎಫ್‌ಎಸ್. ಸ್ಪಾಟಿಫೈ ಸೇವೆಯು ಸಾಮಾನ್ಯವಾಗಿ ಮೈನಸ್ 14ಕ್ಕೆ ಹೊಂದಿಸುತ್ತದೆ. ಆದ್ದರಿಂದ ರೇಡಿಯೋಗೆ, ಮೊಬೈಲಿಗೆ, ಮಳಿಗೆಯ ಧ್ವನಿವರ್ಧಕಕ್ಕೆ ಎಂದು ಮೊದಲೇ ತಿಳಿಸುವುದು, ಖರೀದಿ ಆದೇಶದಲ್ಲಿ ಅಳತೆ ಮತ್ತು ದರ್ಜೆಯನ್ನು ನಮೂದಿಸಿದಷ್ಟೇ ಮುಖ್ಯ.

ದರ ನಿಗದಿ

ಈ ವೃತ್ತಿಗೆ ಇಳಿದ ಯುವಕರಲ್ಲಿ ಬಹುಮಂದಿ ಪಕ್ಕದವರ ದರವನ್ನು ಕೇಳಿ ಅದಕ್ಕಿಂತ ಐನೂರು ರೂಪಾಯಿ ಕಡಿಮೆ ಹೇಳುತ್ತಾರೆ. ಕಾರ್ಖಾನೆ ನಡೆಸುವವರಿಗೆ ಯಂತ್ರ-ಗಂಟೆ ದರದ ಲೆಕ್ಕ ಗೊತ್ತಿದೆ. ಅದನ್ನೇ ಇಲ್ಲಿಯೂ ಅನ್ವಯಿಸಬೇಕು. ಒಂದು ಕಾಲ್ಪನಿಕ ಉದಾಹರಣೆಯನ್ನು ನೋಡೋಣ.

ಉಪಕರಣಗಳ ವೆಚ್ಚ ರೂ. 8,00,000, ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ರೂ. 1,60,000.
ಬಾಡಿಗೆ ಮತ್ತು ವಿದ್ಯುತ್, ತಿಂಗಳಿಗೆ ರೂ. 18,000ದಂತೆ, ರೂ. 2,16,000.
ಸಾಫ್ಟ್‌ವೇರ್, ದುರಸ್ತಿ, ಇಂಟರ್‌ನೆಟ್, ಲೆಕ್ಕಪತ್ರ ರೂ. 84,000.
ಮನೆ ಖರ್ಚಿಗೆ, ತಿಂಗಳಿಗೆ ರೂ. 50,000ದಂತೆ, ರೂ. 6,00,000.
ಒಟ್ಟು ರೂ. 10,60,000.

ವರ್ಷದ 365 ದಿನಗಳಲ್ಲಿ ಭಾನುವಾರ, ಹಬ್ಬ, ಗ್ರಾಹಕರನ್ನು ಹುಡುಕುವ ದಿನ, ಕೆಲಸವಿಲ್ಲದ ದಿನಗಳನ್ನು ಕಳೆದು ಬಿಲ್ಲು ಮಾಡಬಹುದಾದ ದಿನಗಳು 150 ಎಂದಿಟ್ಟುಕೊಂಡರೆ, ದಿನವೊಂದರ ಅಸಲು ಸುಮಾರು ರೂ. 7,067. ಒಂದು ಹಾಡಿನ ಮಿಕ್ಸಿಂಗಿಗೆ ಎರಡು ದಿನ ಹಿಡಿದರೆ ರೂ. 14,133. ‘ಕಂಪ್ಯೂಟರ್ ನನ್ನದೇ, ಕೋಣೆ ಇದ್ದೇ ಇದೆ’ ಎಂದು ಎಂಟು ಸಾವಿರಕ್ಕೆ ಒಪ್ಪಿಕೊಂಡವರು ಪ್ರತಿ ಹಾಡಿಗೂ ರೂ. 6,000ಕ್ಕಿಂತ ಹೆಚ್ಚಾಗಿ ಕೈಯಿಂದ ಹಾಕುತ್ತಿರುತ್ತಾರೆ. ಈ ನಷ್ಟವು ಮೊದಲ ಎರಡು ವರ್ಷ ಕಾಣಿಸುವುದಿಲ್ಲ. ಉಪಕರಣ ಬದಲಿಸುವ ವೇಳೆಗೆ ಗಲ್ಲಾ ಬರಿದಾಗಿರುವುದು ಗಮನಕ್ಕೆ ಬರುತ್ತದೆ.

ಇದರ ಮೇಲೆ ತಿದ್ದುಪಡಿಗಳ ಹೊರೆ ಬೇರೆ. ‘ಧ್ವನಿ ಸ್ವಲ್ಪ ಮೇಲೆ ಬರಲಿ’, ‘ಕೊಳಲು ಬೇಡ’, ‘ಮೊದಲಿನದೇ ಚೆನ್ನಾಗಿತ್ತು’ ಎಂಬ ಮಾತುಗಳಿಗೆ ಮಿತಿಯಿಲ್ಲದಿದ್ದರೆ ಎರಡು ದಿನದ ಕೆಲಸ ಮೂರು ದಿನವಾಗಿ, ಅಸಲು ರೂ. 21,200ಕ್ಕೆ ಏರುತ್ತದೆ. ಎಷ್ಟು ಸುತ್ತಿನ ತಿದ್ದುಪಡಿ ದರದಲ್ಲಿ ಸೇರಿದೆ, ಅದರಾಚೆಗೆ ಪ್ರತಿ ಸುತ್ತಿಗೆ ಎಷ್ಟು ಎಂಬುದನ್ನು ಮೊದಲೇ ಬರೆದುಕೊಂಡರೆ ಮನಸ್ತಾಪಕ್ಕೆ ಆಸ್ಪದವಿರುವುದಿಲ್ಲ. ಅರ್ಧದಷ್ಟು ಮುಂಗಡ, ಉಳಿದದ್ದು ಅಂತಿಮ ಕಡತ ಹಸ್ತಾಂತರಕ್ಕೆ ಮುನ್ನ ಎಂಬ ಕ್ರಮ ಇಬ್ಬರಿಗೂ ಕ್ಷೇಮ.

ಹಾಡು ಯಾರದು?

ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇಲ್ಲಿಯೇ. 1957ರ ಕೃತಿಸ್ವಾಮ್ಯ ಕಾಯ್ದೆಯ ದೃಷ್ಟಿಯಲ್ಲಿ ಒಂದು ಜಾಹೀರಾತು ಗೀತೆ ಒಂದೇ ವಸ್ತುವಲ್ಲ. ಸಾಹಿತ್ಯ ಒಂದು ಕೃತಿ. ರಾಗ ಸಂಯೋಜನೆ ಇನ್ನೊಂದು. ಇವೆರಡನ್ನೂ ಒಳಗೊಂಡ ಧ್ವನಿಮುದ್ರಿಕೆ ಮೂರನೆಯದು. ಇವಲ್ಲದೆ ಗಾಯಕರಿಗೆ ಪ್ರದರ್ಶಕರ ಹಕ್ಕು ಪ್ರತ್ಯೇಕವಾಗಿದೆ. ಸಾಹಿತ್ಯಕ್ಕೆ ಬರೆದವರು, ಸಂಗೀತಕ್ಕೆ ಸಂಯೋಜಿಸಿದವರು ಕರ್ತೃಗಳು. ಧ್ವನಿಮುದ್ರಿಕೆಗೆ ಅದರ ‘ನಿರ್ಮಾಪಕ’ರೇ ಕರ್ತೃ.

ಆದರೆ ಕಾಯ್ದೆಯಲ್ಲಿ ನಿರ್ಮಾಪಕ ಎಂದರೆ ಕೃತಿಯ ತಯಾರಿಕೆಗೆ ಮುಂದಾಗಿ ಅದರ ಹೊಣೆ ಹೊತ್ತವರು. ವೃತ್ತಿಯಲ್ಲಿ ಮ್ಯೂಸಿಕ್ ಪ್ರೊಡ್ಯೂಸರ್ ಎಂದು ಕರೆಸಿಕೊಳ್ಳುವವರು ಈ ಅರ್ಥದ ನಿರ್ಮಾಪಕರಾಗಿರಬಹುದು, ಆಗದೆಯೂ ಇರಬಹುದು. ಹಣ ಹೂಡಿದ ವರ್ತಕರು ‘ನಾನೇ’ ಎನ್ನುತ್ತಾರೆ. ಸ್ಟುಡಿಯೋ, ಗಾಯಕರು ಎಲ್ಲವನ್ನೂ ಏರ್ಪಡಿಸಿದವರು ‘ನಾನು’ ಎನ್ನುತ್ತಾರೆ. ಕರಾರಿನಲ್ಲಿ ಒಂದು ಸಾಲು ಬರೆದಿದ್ದರೆ ಈ ವಿವಾದವೇ ಹುಟ್ಟುವುದಿಲ್ಲ. ಇನ್ನು ಮಿಕ್ಸಿಂಗ್ ಎಂಜಿನಿಯರರನ್ನು ಕಾಯ್ದೆಯು ಪ್ರತ್ಯೇಕ ಕರ್ತೃವಾಗಿ ಹೆಸರಿಸಿಲ್ಲ. ಅವರಿಗೆ ಸಂಭಾವನೆಯ ಹೊರತಾಗಿ ಆದಾಯದಲ್ಲಿ ಪಾಲು ಅಥವಾ ಹೆಸರಿನ ಉಲ್ಲೇಖ ಬೇಕಿದ್ದರೆ ಕರಾರೊಂದೇ ಆಧಾರ.

ನೌಕರರು ನೌಕರಿಯ ಭಾಗವಾಗಿ ಮಾಡಿದ ಕೃತಿಗೆ, ಬೇರೆ ಕರಾರಿಲ್ಲದಿದ್ದಲ್ಲಿ, ಮಾಲೀಕರೇ ಮೊದಲ ಒಡೆಯರು. ಸ್ವತಂತ್ರ ವೃತ್ತಿನಿರತರಿಗೆ ಈ ನಿಯಮ ಅನ್ವಯವಾಗುವುದಿಲ್ಲ. ಹಣ ಕೊಟ್ಟು ಮಾಡಿಸಿದವರೇ ಒಡೆಯರು ಎನ್ನುವ 17(ಬಿ) ಉಪವಿಧಿಯಲ್ಲಿ ಛಾಯಾಚಿತ್ರ, ವರ್ಣಚಿತ್ರ, ಚಲನಚಿತ್ರ ಮೊದಲಾದವುಗಳ ಹೆಸರಿದೆಯೇ ಹೊರತು ಧ್ವನಿಮುದ್ರಿಕೆಯ ಹೆಸರಿಲ್ಲ. ಆದ್ದರಿಂದ ವರ್ಗಾವಣೆ ಪತ್ರ ಬೇಕೇ ಬೇಕು. ಕಾಯ್ದೆಯ 19ನೇ ವಿಧಿಯ ಪ್ರಕಾರ ಅದು ಬರವಣಿಗೆಯಲ್ಲಿದ್ದು, ಹಕ್ಕು ಕೊಡುವವರ ಸಹಿ ಹೊಂದಿರಬೇಕು. ಕೃತಿ ಯಾವುದು, ಯಾವ ಹಕ್ಕುಗಳು, ಎಷ್ಟು ಕಾಲ, ಯಾವ ಪ್ರದೇಶ, ಎಷ್ಟು ಪ್ರತಿಫಲ ಎಂಬ ವಿವರಗಳಿರಬೇಕು. ಅವಧಿ ನಮೂದಿಸದಿದ್ದರೆ ಐದು ವರ್ಷವೆಂದೂ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರವೆಂದೂ ಭಾವಿಸಲಾಗುತ್ತದೆ. ಹಾಡು ಜನರ ನಾಲಗೆಯ ಮೇಲೆ ಕುಳಿತು, ಗುರುತಿಗೆ ಬೆಲೆ ಬರುವ ಹೊತ್ತಿಗೆ ಆ ಐದು ವರ್ಷ ಮುಗಿದಿದ್ದರೆ, ಹಕ್ಕು ಮರಳಿ ಮೊದಲ ಒಡೆಯರಿಗೆ ಸೇರುತ್ತದೆ. ಪುನಃ ಅವರು ಕೇಳಿದ ದರಕ್ಕೇ ಪಡೆಯಬೇಕಾದೀತು. ಗಲ್ಫ್ ದೇಶಗಳಿಗೆ ರಫ್ತು ಮಾಡುವ ಸದಸ್ಯರು ಪ್ರದೇಶದ ಕಲಮನ್ನು ವಿಶೇಷವಾಗಿ ಗಮನಿಸಬೇಕು.

ಇನ್ನೊಂದು ಕಡೆ, ಕರ್ತೃಗಳ ರಕ್ಷಣೆಯೂ ಕಾಯ್ದೆಯಲ್ಲಿದೆ. ಚಲನಚಿತ್ರಕ್ಕಾಗಿ ಪ್ರತಿಫಲ ಪಡೆದು ರಚಿಸಿದ ಸಂಗೀತಕ್ಕೆ, ವಿರುದ್ಧ ಕರಾರಿಲ್ಲದಿದ್ದರೆ, ಚಿತ್ರ ನಿರ್ಮಾಪಕರೇ ಮೊದಲ ಒಡೆಯರೆಂದು 1977ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತ್ತು. ಗೀತರಚನಕಾರ ಜಾವೇದ್ ಅಖ್ತರ್ ಅವರು ರಾಜ್ಯಸಭೆಯಲ್ಲಿ ಬಲವಾಗಿ ಪ್ರತಿಪಾದಿಸಿದ 2012ರ ತಿದ್ದುಪಡಿಯ ನಂತರ, ಸಾಹಿತ್ಯ ಮತ್ತು ಸಂಗೀತದ ಕರ್ತೃಗಳು ತಮ್ಮ ರಾಯಲ್ಟಿ ಪಾಲನ್ನು ವಾರಸುದಾರರಿಗೆ ಅಥವಾ ಕೃತಿಸ್ವಾಮ್ಯ ಸಂಘಕ್ಕೆ ಹೊರತು ಬೇರೆಯವರಿಗೆ ಬಿಟ್ಟುಕೊಡುವಂತಿಲ್ಲ. ಸಂಗೀತ ಸಂಯೋಜನೆಯನ್ನೂ ಮಾಡುವ ಯುವಕರು ಐಪಿಆರ್‌ಎಸ್ ಸಂಘದ ಸದಸ್ಯತ್ವದ ಬಗ್ಗೆ ಯೋಚಿಸಬೇಕು. ‘ಎಲ್ಲ ಹಕ್ಕುಗಳೂ ಶಾಶ್ವತವಾಗಿ ನಮಗೆ’ ಎಂದು ಬರೆಸಿಕೊಂಡ ವರ್ತಕರೂ ಈ ಮಿತಿಯನ್ನು ತಿಳಿದಿರಬೇಕು.

ಹಾಡಿನಲ್ಲಿ ಬಳಸಿದ ಸಿದ್ಧ ತುಣುಕುಗಳು, ಸಾಫ್ಟ್‌ವೇರ್ ಮತ್ತು ಕೃತಕ ಬುದ್ಧಿಮತ್ತೆಯ ಸಾಧನಗಳಿಗೆ ವಾಣಿಜ್ಯ ಪರವಾನಗಿ ಇದೆಯೆಂಬ ಲಿಖಿತ ಭರವಸೆಯನ್ನೂ ಪಡೆಯುವುದು ಒಳ್ಳೆಯದು.

ವೃತ್ತಿನಿರತರ ತೆರಿಗೆ

ಕರ್ನಾಟಕದಲ್ಲಿ ಸೇವೆ ಒದಗಿಸುವವರ ವಾರ್ಷಿಕ ವಹಿವಾಟು ರೂ. 20 ಲಕ್ಷ ಮೀರಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ, ದರ ಶೇ. 18. ವಿದೇಶಿ ಗ್ರಾಹಕರಿಂದ ಬಂದ ಹಣವೂ ಈ ಮಿತಿಯ ಲೆಕ್ಕಕ್ಕೆ ಸೇರುತ್ತದೆ. ಆದರೆ ರಫ್ತಿನ ಷರತ್ತುಗಳು ಪೂರೈಸಿದ್ದು, ಎಲ್‌ಯುಟಿ ಸಲ್ಲಿಸಿದ್ದರೆ, ಆ ಸೇವೆಗೆ ತೆರಿಗೆ ಕಟ್ಟದೆ ಬಿಲ್ಲು ಮಾಡಬಹುದು. ರೂ. 50 ಲಕ್ಷದವರೆಗಿನ ಸೇವಾದಾರರಿಗೆ ಶೇ. 6ರ ರಾಜಿ ತೆರಿಗೆಯ ಯೋಜನೆಯಿದೆ. ಆದರೆ ಅದರಲ್ಲಿ ಅಂತರರಾಜ್ಯ ಸೇವೆಗೆ ಅವಕಾಶವಿಲ್ಲ. ಚೆನ್ನೈ, ಮುಂಬಯಿ ಗ್ರಾಹಕರಿರುವವರಿಗೆ ಅದು ಒಗ್ಗದು.

ಆದಾಯ ತೆರಿಗೆಯಲ್ಲಿ ಒಂದು ಸೂಕ್ಷ್ಮವಿದೆ. 1961ರ ಕಾಯ್ದೆಯ 44ಎಡಿಎ ವಿಧಿಯಲ್ಲಿ ನಿರ್ದಿಷ್ಟ ವೃತ್ತಿನಿರತರು ಒಟ್ಟು ಸ್ವೀಕೃತಿಯ ಅರ್ಧದಷ್ಟನ್ನು ಆದಾಯವೆಂದು ಘೋಷಿಸುವ ಸೌಲಭ್ಯವಿತ್ತು. ಆ ಪಟ್ಟಿಯ ‘ಚಲನಚಿತ್ರ ಕಲಾವಿದ’ ಎಂಬ ವರ್ಗದಲ್ಲಿ ಸಂಗೀತ ನಿರ್ದೇಶಕರು, ಗಾಯಕರು, ಗೀತರಚನಕಾರರು, ಸಂಕಲನಕಾರರು ಇದ್ದಾರೆ. ಧ್ವನಿ ಎಂಜಿನಿಯರರ ಹೆಸರಿಲ್ಲ. ಇದ್ದವರಿಗೂ ಅದು ಚಲನಚಿತ್ರ ನಿರ್ಮಾಣದ ಕೆಲಸಕ್ಕೆ ಸಂಬಂಧಿಸಿದ್ದು. 1-4-2026ರಿಂದ ಜಾರಿಯಾಗುವಂತೆ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿರುವುದರಿಂದ ವಿಧಿಗಳ ಸಂಖ್ಯೆಗಳು ಬದಲಾಗಿವೆ. ತಮ್ಮ ಕೆಲಸ ಯಾವ ವರ್ಗಕ್ಕೆ ಸೇರುತ್ತದೆಂದು ನಿರ್ಧರಿಸಿಕೊಳ್ಳದೆ ರಿಟರ್ನ್ ಸಲ್ಲಿಸಬಾರದು. ಉಪಕರಣಕ್ಕೆ ದೊಡ್ಡ ಮೊತ್ತ ಹೂಡಿದವರಿಗೆ ಪೂರ್ಣ ಲೆಕ್ಕಪುಸ್ತಕ ಇಟ್ಟು ಸವಕಳಿ ಪಡೆಯುವುದೇ ಲಾಭಕರವಾಗಬಹುದು: ಕಂಪ್ಯೂಟರ್ ಮತ್ತು ಸಾಫ್ಟ್‌ವೇರಿಗೆ ಶೇ. 40, ಇತರ ಯಂತ್ರೋಪಕರಣಕ್ಕೆ ಸಾಮಾನ್ಯವಾಗಿ ಶೇ. 15ರ ದರವಿದೆ.

ಕೆಲಸ ಮಾಡಿಸುವವರ ಹೊಣೆ

ಹಿಂದಿನ ವರ್ಷ ರೂ. 1 ಕೋಟಿ ಮೀರಿದ ವಹಿವಾಟಿರುವ ಏಕವ್ಯಕ್ತಿ ವರ್ತಕರು, ಹಾಗೂ ವಹಿವಾಟು ಎಷ್ಟೇ ಇದ್ದರೂ ಪಾಲುದಾರಿಕೆ ಸಂಸ್ಥೆ ಮತ್ತು ಕಂಪನಿಗಳು, ವೃತ್ತಿ ಸಂಭಾವನೆಯ ಮೇಲೆ ಟಿಡಿಎಸ್ ಕಡಿತ ಮಾಡಬೇಕು. 1-4-2025ರಿಂದ ಇದರ ವಾರ್ಷಿಕ ಮಿತಿ ರೂ. 30,000ದಿಂದ ರೂ. 50,000ಕ್ಕೆ ಏರಿದೆ. ವೃತ್ತಿ ಸಂಭಾವನೆಗೆ ಶೇ. 10, ತಾಂತ್ರಿಕ ಸೇವೆಗೆ ಶೇ. 2, ಕೆಲಸ ಯಾವುದೆಂದು ಬಿಲ್ಲಿನಲ್ಲಿ ಸ್ಪಷ್ಟವಾಗಿರಲಿ. ಬಿಲ್ಲಿನಲ್ಲಿ ಜಿಎಸ್‌ಟಿ ಪ್ರತ್ಯೇಕವಾಗಿ ತೋರಿಸಿದ್ದರೆ ಆ ಮೊತ್ತದ ಮೇಲೆ ಕಡಿತ ಬೇಡ.

ಇವರಲ್ಲಿ ಉದ್ಯಮ್ ನೋಂದಣಿ ಪಡೆದವರು ಕಾನೂನಿನ ಪ್ರಕಾರ ಕಿರು ಉದ್ಯಮದವರು. ಅವರ ಬಿಲ್ಲನ್ನು ಕರಾರಿದ್ದರೆ ಗರಿಷ್ಠ 45 ದಿನಗಳಲ್ಲಿ, ಇಲ್ಲದಿದ್ದರೆ 15 ದಿನಗಳಲ್ಲಿ ಪಾವತಿಸಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕಾಗುತ್ತದೆ. ಆ ಬಡ್ಡಿ ಖರ್ಚಾಗಿ ತೆರಿಗೆಯಲ್ಲಿ ಸಿಗುವುದಿಲ್ಲ. 43ಬಿ ವಿಧಿಗೆ ಮಾಡಿದ ತಿದ್ದುಪಡಿಯಿಂದಾಗಿ 2023-24ನೇ ಹಣಕಾಸು ವರ್ಷದಿಂದ, ಗಡುವು ಮೀರಿ ವರ್ಷಾಂತ್ಯಕ್ಕೆ ಬಾಕಿ ಉಳಿದ ಮೊತ್ತವೂ ಪಾವತಿಸಿದ ವರ್ಷದಲ್ಲಷ್ಟೇ ಖರ್ಚಾಗಿ ಸಿಗುತ್ತದೆ. ದೀಪಾವಳಿಯ ಹಾಡಿನ ಬಿಲ್ಲನ್ನು ಯುಗಾದಿಗೆ ತೀರಿಸುವ ರೂಢಿ ಇನ್ನು ನಡೆಯುವಂತಿಲ್ಲ.

ಸದಸ್ಯರು ಈಗಾಗಲೇ ಬಳಸುತ್ತಿರುವ ಜಾಹೀರಾತು ಗೀತೆಗಳ ಕಡತವನ್ನು ಒಮ್ಮೆ ತೆರೆದು ನೋಡುವುದು ಸೂಕ್ತ. ಬಿಲ್ಲು ಮಾತ್ರ ಇದ್ದು ವರ್ಗಾವಣೆ ಪತ್ರ ಇಲ್ಲದಿದ್ದರೆ, ಸಾಹಿತಿ, ಸಂಯೋಜಕರು ಮತ್ತು ಧ್ವನಿಮುದ್ರಿಕೆ ಸಿದ್ಧಪಡಿಸಿದವರಿಂದ ವರ್ಗಾವಣೆ ಪತ್ರವನ್ನೂ, ಗಾಯಕರಿಂದ ಲಿಖಿತ ಒಪ್ಪಿಗೆಯನ್ನೂ, ಸಂಬಂಧ ಸೌಹಾರ್ದದಿಂದ ಇರುವಾಗಲೇ ಪಡೆದುಕೊಳ್ಳಬೇಕು. ಈ ವೃತ್ತಿಯಲ್ಲಿರುವ ಮಕ್ಕಳಿಗೂ ಹಿರಿಯರು ಹೇಳಬೇಕಾದದ್ದು ಇಷ್ಟೇ: ದರಪಟ್ಟಿ, ಎರಡು ಪುಟದ ಕರಾರು, ಪ್ರತ್ಯೇಕ ಬ್ಯಾಂಕ್ ಖಾತೆ ಇವು ಮೂರೂ ಮೊದಲ ಬಿಲ್ಲಿಗೆ ಮುಂಚೆಯೇ ಸಿದ್ಧವಿರಲಿ.