ಯೌವನದ ಲೆಕ್ಕ: ಮಾಯೆಯಿಂದ ವಯಸ್ಸು ನಿಂತರೆ ಬಿಲ್ ಕಟ್ಟೋದು ಯಾರು?

ಸಿದ್ಧಕಟ್ಟೆಯಿಂದ ನಾನು. ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತವರಿಗೂ, ನಿದ್ದೆ ಬಾರದೆ ಫೋನ್ ಹಿಡ್ಕೊಂಡವರಿಗೂ ಸ್ವಾಗತ.

ಹ್ಯಾರಿ ಪಾಟರ್ ಓದಿದವರಿಗೆ ಗೊತ್ತು, ಅದರಲ್ಲಿ ನಿಕೋಲಸ್ ಫ್ಲಾಮೆಲ್ 600 ವರ್ಷ ದಾಟಿ ಬದುಕಿರ್ತಾನೆ. ಟೋಲ್ಕಿನ್ ಕಥೆಯ ಎಲ್ಫ್‌ಗಳು ಮುಪ್ಪಿನಿಂದ ಸಾಯೋದೇ ಇಲ್ಲ. ಹಾಗಾದರೆ ನಮ್ಮ ಕಥೆಗಳಲ್ಲಿ ಮಾಯೆಗೂ ಆಯುಷ್ಯಕ್ಕೂ ಏನಾದರೂ ನಿಯಮ ಉಂಟಾ?

ಉಂಟು. ನಾನು ಬಿಕಾಂ ಓದಿದವ, ಹಾಗಾಗಿ ನನಗೆ ಅದು ಲೆಕ್ಕದ ಪುಸ್ತಕದ ಹಾಗೇ ಕಾಣ್ತದೆ. ಡಬಲ್ ಎಂಟ್ರಿ ಗೊತ್ತಲ್ಲ? ಒಂದು ಕಡೆ ಕ್ರೆಡಿಟ್ ಆದರೆ ಇನ್ನೊಂದು ಕಡೆ ಡೆಬಿಟ್ ಆಗಲೇಬೇಕು. ನಮ್ಮ ಕಥೆಗಳಲ್ಲಿ ಯೌವನ ಸುಮ್ಮನೆ ಹುಟ್ಟೋದು ಕಮ್ಮಿ. ಹೆಚ್ಚಾಗಿ ಯಾರದ್ದೋ ಖಾತೆಯಿಂದ ಬರ್ತದೆ.

ಮೊದಲ ಕೇಸ್, ಯಯಾತಿ. ಹೆಂಡತಿ ದೇವಯಾನಿಗೆ ಗೊತ್ತಿಲ್ಲದೆ ಶರ್ಮಿಷ್ಠೆಯ ಜೊತೆ ಸಂಬಂಧ ಇಟ್ಟುಕೊಂಡ. ಮಾವ ಶುಕ್ರಾಚಾರ್ಯ ಶಾಪ ಕೊಟ್ಟ, ನಿಂತ ನಿಲುವಿನಲ್ಲೇ ಮುಪ್ಪು ಬಂತು. ಆದರೆ ಶಾಪದಲ್ಲಿ ಒಂದು ಷರತ್ತು ಇತ್ತು: ಮುಪ್ಪನ್ನು ಬೇರೆಯವರಿಗೆ ವರ್ಗಾಯಿಸಬಹುದು. ಗಮನಿಸಿ, ರದ್ದು ಮಾಡೋದಲ್ಲ, ವರ್ಗಾವಣೆ. ಐವರು ಮಕ್ಕಳಲ್ಲಿ ನಾಲ್ವರು ಒಪ್ಪಲಿಲ್ಲ. ಕಿರಿಯವ ಪೂರು ಒಪ್ಪಿದ. ಮಹಾಭಾರತದ ಪ್ರಕಾರ ಅಪ್ಪ 1000 ವರ್ಷ ಮಗನ ಯೌವನದಲ್ಲಿ ಸುಖ ಪಟ್ಟು, ಆಸೆ ತೀರೋದೇ ಇಲ್ಲ ಅಂತ ಅರ್ಥವಾದ ಮೇಲೆ ಅದನ್ನು ವಾಪಸ್ ಕೊಟ್ಟ. ಪೂರುವಿಗೆ ರಾಜ್ಯ ಸಿಕ್ಕಿತು.

ಹಳೆ ಕಥೆಯಲ್ಲಿ ಪೂರು ಆದರ್ಶ ಮಗ. ಆದರೆ ಗಿರೀಶ ಕಾರ್ನಾಡರು ಇಂಗ್ಲೆಂಡಿಗೆ ಓದಲು ಹೊರಟ ಕಾಲದಲ್ಲಿ, ಇಪ್ಪತ್ತರ ಆಚೀಚೆ ವಯಸ್ಸಲ್ಲಿ, ‘ಯಯಾತಿ’ ನಾಟಕ ಬರೆದರು. 1961ರಲ್ಲಿ ಅದು ಪ್ರಕಟವಾಯಿತು. ಅವರು ಪೂರುವಿಗೆ ಚಿತ್ರಲೇಖೆ ಅಂತ ಒಬ್ಬಳು ಹೆಂಡತಿಯನ್ನು ಕೊಟ್ಟರು. ಹೊಸದಾಗಿ ಮದುವೆಯಾಗಿ ಬಂದವಳಿಗೆ ಎದುರಾಗೋದು ಮುದುಕನಾದ ಗಂಡ! ಅಪ್ಪ ಮಗ ಸೇರಿ ಒಪ್ಪಂದ ಮಾಡ್ಕೊಂಡರು, ಅವಳನ್ನು ಯಾರೂ ಕೇಳಲಿಲ್ಲ. ನಾಟಕದಲ್ಲಿ ಅವಳು ಪ್ರಾಣ ಕಳ್ಕೊಳ್ತಾಳೆ. ಲೆಡ್ಜರಿನಲ್ಲಿ ಹೆಸರೇ ಇಲ್ಲದವಳು ಅತಿ ದೊಡ್ಡ ಬೆಲೆ ಕಟ್ಟಿದಳು.

ಇದೇ ಪೂರುವಿನ ವಂಶದಲ್ಲಿ ಮುಂದೆ ಶಂತನು ಹುಟ್ತಾನೆ. ಅವನಿಗೂ ಇಳಿವಯಸ್ಸಲ್ಲಿ ಮದುವೆಯ ಆಸೆ. ಮಗ ದೇವವ್ರತ ತಾನು ಮದುವೆಯಾಗೋದಿಲ್ಲ ಅಂತ ಪ್ರತಿಜ್ಞೆ ಮಾಡಿ ಭೀಷ್ಮನಾದ. ಅಪ್ಪ ಕೊಟ್ಟದ್ದು ಇಚ್ಛಾಮರಣದ ವರ. ಅದು ಸಾವನ್ನು ಮುಂದೂಡ್ತದೆ, ಮುಪ್ಪನ್ನಲ್ಲ. ಅದೇ ಮನೆತನ, ಹೆಚ್ಚುಕಮ್ಮಿ ಅದೇ ಡೀಲ್ ಮಾರ್ರೆ! ಇನ್ನು ಅಶ್ವತ್ಥಾಮನಿಗೆ ದೀರ್ಘಾಯುಷ್ಯವೇ ಶಿಕ್ಷೆ. 3000 ವರ್ಷ ಮಾತಾಡಲು ಒಬ್ಬರೂ ಇಲ್ಲದೆ ಅಲೆಯಬೇಕು.

ಈಗ ನಮ್ಮ ಊರ ಕಡೆ ಬರೋಣ. ಸಿದ್ಧಕಟ್ಟೆಯಿಂದ ಮೂಡುಬಿದಿರೆ ದಾಟಿ ಮುಂದೆ ಹೋದರೆ ಕಾರ್ಕಳ, ಬೆಳ್ತಂಗಡಿ ತಾಲೂಕಿಗೆ ಹೊಕ್ಕರೆ ವೇಣೂರು. ಎರಡೂ ಕಡೆ ಗೊಮ್ಮಟ ಉಂಟು. ಕಾರ್ಕಳದ್ದು 1432, ವೇಣೂರಿನದ್ದು 1604. ತುಳು ಪಾಡ್ದನದ ಪ್ರಕಾರ ಎರಡನ್ನೂ ಕೆತ್ತಿದವ ಒಬ್ಬನೇ, ಬೀರ ಕಲ್ಕುಡ. ಇಂಥ ಮೂರ್ತಿ ಇನ್ನೊಂದು ಆಗಬಾರದು ಅಂತ ಕಾರ್ಕಳದ ಅರಸ ಅವನ ಒಂದು ಕೈ, ಒಂದು ಕಾಲು ಕಡಿಸಿದ. ಅವನು ವೇಣೂರಿಗೆ ಹೋಗಿ ಉಳಿದ ಒಂದೇ ಕೈಯಲ್ಲಿ ಕೆತ್ತಿದ.

ಲೆಕ್ಕ ಹಾಕಿ. ಎರಡರ ನಡುವೆ 172 ವರ್ಷ. ಇಷ್ಟು ದೀರ್ಘ ಸರ್ವಿಸ್ ಯಾರಿಗೂ ಸಾಧ್ಯ ಇಲ್ಲ. ಹಾಗಂತ ಪಾಡ್ದನ ಸುಳ್ಳು ಅಂತ ಬದಿಗಿಡಬೇಡಿ. ನಾನು ಅದನ್ನು ಓದೋದು ಹೀಗೆ: ತಲೆಮಾರುಗಳ ಶಿಲ್ಪಿಗಳ ಬೆವರನ್ನು ಹಾಡು ಒಂದೇ ಹೆಸರಿನ ಖಾತೆಗೆ ಬರೆದಿದೆ. ಗೊಮ್ಮಟನಿಗೆ ವಯಸ್ಸಾಗುವುದಿಲ್ಲ. ಆದರೆ ಕೆತ್ತಿದ ಕೈಗೆ ಆಗ್ತದೆ, ಆ ಕೈ ಹೋಗ್ತದೆ.

ಮುಂದೆ ಕಲ್ಕುಡ ಮತ್ತು ಅವನ ತಂಗಿ ಕಲ್ಲುರ್ಟಿ ಕಾಯ ಬಿಟ್ಟು ಮಾಯ ಸೇರ್ತಾರೆ. ಇಲ್ಲಿ ಮಾಯ ಅಂದರೆ ಕಣ್ಕಟ್ಟು ಅಲ್ಲ, ದೈವಗಳ ಲೋಕ. ಅಲ್ಲಿ ವಯಸ್ಸು ನಿಂತುಬಿಡ್ತದೆ. ಕೋಟಿ ಚೆನ್ನಯರು ಗರಡಿಗಳಲ್ಲಿ ಇವತ್ತಿಗೂ ಹುಡುಗರೇ ಅಲ್ವಾ? ಆದರೆ ಈ ನಿಂತ ವಯಸ್ಸು ಸುಖಕ್ಕಲ್ಲ. ಅನ್ಯಾಯ ಮಾಡಿದವರ ಹತ್ತಿರ ಬಾಕಿ ವಸೂಲಿ ಮಾಡೋದಕ್ಕೆ. ನಮ್ಮ ಬಂಟ್ವಾಳ ತಾಲೂಕಿನ ಪಣೋಲಿಬೈಲಿನಲ್ಲಿ ಕಲ್ಲುರ್ಟಿಯ ಮುಂದೆ ಜನ ಇವತ್ತಿಗೂ ತಮ್ಮ ದೂರು ಹೇಳ್ಕೊಳ್ತಾರೆ.

ಇದೆಲ್ಲ ಹಳೆ ಕಥೆ ಅನ್ನೋದಾದರೆ 2023ಕ್ಕೆ ಬನ್ನಿ. ಅಮೆರಿಕದ ಶ್ರೀಮಂತ ಉದ್ಯಮಿ ಬ್ರಯಾನ್ ಜಾನ್ಸನ್ ಯೌವನ ಉಳಿಸ್ಕೊಳ್ಳಲು ತನ್ನ 17 ವರ್ಷದ ಮಗನ ರಕ್ತದ ಪ್ಲಾಸ್ಮಾ ಏರಿಸ್ಕೊಂಡ. ಕೆಲವೇ ತಿಂಗಳಲ್ಲಿ, ಲಾಭ ಏನೂ ಕಾಣಲಿಲ್ಲ ಅಂತ ತಾನೇ ಹೇಳಿ ನಿಲ್ಲಿಸಿದ. ಇಂಥ ಚಿಕಿತ್ಸೆ ಬೇಡ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2019ರಲ್ಲೇ ಎಚ್ಚರಿಸಿತ್ತು.

ಮಂತ್ರವಾಗಲಿ ಮೆಷಿನ್ ಆಗಲಿ, ಕೇಳಬೇಕಾದ ಪ್ರಶ್ನೆ ಒಂದೇ: ಡೆಬಿಟ್ ಯಾರ ಖಾತೆಗೆ? ಮನೆಯ ಸಾಲ ತೀರಿಸಲು ಇಪ್ಪತ್ತಕ್ಕೇ ಗಲ್ಫಿಗೆ ಹೋದ ಅಣ್ಣ ಯಾರ ಖಾತೆ ತುಂಬಿಸ್ತಾ ಇದ್ದಾನೆ? ನಮ್ಮ ಫೀಸ್ ಕಟ್ಟಲು ಬೀಡಿ ಕಟ್ಟುತ್ತಲೇ ಬೆನ್ನು ಬಾಗಿದ ಅಮ್ಮ? ಪೂರು ಕೊಟ್ಟದ್ದು ಒಮ್ಮೆಗೇ, ಇವರು ಕೊಡೋದು ಕಂತಿನಲ್ಲಿ. ಕೊಡೋದು ತಪ್ಪಲ್ಲ. ಆದರೆ ಪುಸ್ತಕದಲ್ಲಿ ಅವರ ಹೆಸರು ಬರೀಬೇಕು. ಯಯಾತಿ ಕೊನೆಗೆ ತಗೊಂಡದ್ದನ್ನು ವಾಪಸ್ ಕೊಟ್ಟ. ನಾವು?

ನಿಮ್ಮ ಮನೆಯ ಲೆಕ್ಕ ಒಮ್ಮೆ ನೋಡಿ. ಮುಂದಿನ ಸಂಚಿಕೆಯಲ್ಲಿ ಸಿಗುವ.