ಎರಡಾಣೆಯ ಠೇವಣಿ ಮತ್ತು ಅದರ ಗಣಿತ

ಸಂಜೆ ನಾಲ್ಕರ ಹೊತ್ತಿಗೆ ಕುಂದಾಪುರದ ಪೇಟೆಯಲ್ಲಿ ನಡೆದು ಹೋಗುವವರಿಗೆ ಈ ನೋಟ ಪರಿಚಿತವಾಗಿರಬೇಕು. ಹೆಗಲಿಗೆ ಚೀಲ ತೂಗಹಾಕಿಕೊಂಡ ಒಬ್ಬಾತ ಹೂವಿನ ಅಂಗಡಿಯ ಮುಂದೆ ನಿಲ್ಲುತ್ತಾನೆ. ಅಂಗಡಿಯಾಕೆ ಮಾಲೆ ಕಟ್ಟುವ ಕೈಯನ್ನು ಒಂದು ಕ್ಷಣ ಬಿಡಿಸಿಕೊಂಡು ಐವತ್ತು ರೂಪಾಯಿಯ ನೋಟೊಂದನ್ನು ಚಾಚುತ್ತಾಳೆ. ಆತ ಅಂಗೈಯಗಲದ ಯಂತ್ರದ ಮೇಲೆ ನಾಲ್ಕಾರು ಗುಂಡಿಗಳನ್ನೊತ್ತಿ, ಅದರ ಬಾಯಿಂದ ಹೊರಬಂದ ಚೀಟಿಯನ್ನು ಹರಿದು ಕೊಟ್ಟು, ಪಕ್ಕದ ಕ್ಷೌರದಂಗಡಿಗೆ ಹೋಗುತ್ತಾನೆ. ಇಷ್ಟಕ್ಕೂ ಅರ್ಧ ನಿಮಿಷ ಸಾಕು. ಇವನೇ ನಮ್ಮ ಕಡೆಯ ಜನ ‘ಪಿಗ್ಮಿಯವ’ ಎಂದು ಕರೆಯುವ ಠೇವಣಿ ಸಂಗ್ರಾಹಕ.

ವ್ಯಾಪಾರ ಸಂಸ್ಥೆಗಳು ಯಾವುದರಿಂದ ಏಳಿಗೆ ಹೊಂದುತ್ತವೆ ಎಂದು ವಾಣಿಜ್ಯ ವಿದ್ಯಾರ್ಥಿಗಳನ್ನು ಕೇಳಿದರೆ ಮೂರು ಸಂಗತಿಗಳನ್ನು ಕಂಠಪಾಠವಾಗಿ ಒಪ್ಪಿಸುತ್ತಾರೆ: ಗ್ರಾಹಕರ ನಿಷ್ಠೆ, ಹೊಸ ಕಲ್ಪನೆ, ಮಾಹಿತಿ ತಂತ್ರಜ್ಞಾನ. ಇವು ಒಂದನ್ನೊಂದು ಹೇಗೆ ಹಿಡಿದು ನಿಲ್ಲಿಸುತ್ತವೆ ಎಂದು ಕೇಳಿದರೆ ಮಾತ್ರ ತರಗತಿ ಮೌನವಾಗುತ್ತದೆ. ಭೌತಶಾಸ್ತ್ರದ ಅಧ್ಯಾಪಕನಾದ ನನಗೆ ಈ ವಿಷಯದಲ್ಲಿ ಅಧಿಕಾರವೇನೂ ಇಲ್ಲ. ಆದರೆ ಇದಕ್ಕೆ ಉದಾಹರಣೆ ಹುಡುಕಿಕೊಂಡು ದೂರದ ದೇಶಗಳಿಗೆ ಹೋಗಬೇಕಾಗಿಲ್ಲ, ಬ್ರಹ್ಮಾವರದವರೆಗೆ ಹೋದರೆ ಸಾಕು ಎಂಬುದನ್ನು ಬಲ್ಲೆ.

1925ರಲ್ಲಿ ಉಡುಪಿಯಲ್ಲಿ ‘ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್’ ಎಂಬ ಸಂಸ್ಥೆ ಹುಟ್ಟಿತು. ಸ್ಥಾಪಕರು ಮೂವರು: ವ್ಯಾಪಾರಿಗಳಾದ ಉಪೇಂದ್ರ ಅನಂತ ಪೈ, ಎಂಜಿನಿಯರರಾದ ವಾಮನ ಕುಡ್ವ ಮತ್ತು ವೈದ್ಯರಾದ ಡಾ. ಟಿ. ಎಂ. ಎ. ಪೈ. ಮೂಲಧನ 8,000 ರೂಪಾಯಿ. ಆಗ ಕೈಮಗ್ಗದ ಉದ್ಯಮ ಕುಸಿದು ನೇಕಾರರು ಸಂಕಟದಲ್ಲಿದ್ದರು. ಅವರಿಗೆ ಹಣದ ನೆರವು ಒದಗಿಸುವುದು, ಅದಕ್ಕಾಗಿ ಊರವರ ಸಣ್ಣಪುಟ್ಟ ಉಳಿತಾಯವನ್ನೇ ಒಟ್ಟುಗೂಡಿಸುವುದು ಸಂಸ್ಥೆಯ ಉದ್ದೇಶವಾಗಿತ್ತು. 1928ರಲ್ಲಿ ಅದು ತನ್ನ ಮೊತ್ತಮೊದಲ ಶಾಖೆಯನ್ನು ತೆರೆದದ್ದು ಬ್ರಹ್ಮಾವರದಲ್ಲಿ. ಅದೇ ವರ್ಷ ಪಿಗ್ಮಿ ಠೇವಣಿಯೂ ಆರಂಭವಾಯಿತು. ಸಂಗ್ರಾಹಕನು ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆದುಕೊಂಡು ಹೋಗುತ್ತಿದ್ದನು. ಈ ಸಂಸ್ಥೆಯೇ 1964ರಲ್ಲಿ ಸಿಂಡಿಕೇಟ್ ಬ್ಯಾಂಕ್ ಎಂಬ ಹೆಸರು ತಳೆಯಿತು. 1969ರಲ್ಲಿ ರಾಷ್ಟ್ರೀಕರಣಗೊಂಡು, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಬೋರ್ಡು ಬದಲಾದರೂ ನಮ್ಮಲ್ಲಿ ಹಿರಿಯರು ಇಂದಿಗೂ ‘ಸಿಂಡಿಕೇಟಿಗೆ ಹೋಗಿ ಬರುತ್ತೇನೆ’ ಎನ್ನುವುದನ್ನು ಕೇಳಬಹುದು.

ಇದರಲ್ಲಿ ಹೊಸತೇನಿತ್ತು? ಯಂತ್ರವಿರಲಿಲ್ಲ, ಸೂತ್ರವಿರಲಿಲ್ಲ. ಚಲನೆಯ ದಿಕ್ಕು ಮಾತ್ರ ತಿರುಗಿತ್ತು. ಅದುವರೆಗೆ ಹಣವಿದ್ದವನು ಬ್ಯಾಂಕಿಗೆ ಹೋಗುತ್ತಿದ್ದ. ಈಗ ಬ್ಯಾಂಕು ಹಣವಿಲ್ಲದವನ ಬಳಿಗೆ ಬಂದಿತು. ನಮ್ಮ ಭೂಭಾಗವನ್ನು ನೆನೆಯಿರಿ. ಉಡುಪಿಗೂ ಬ್ರಹ್ಮಾವರಕ್ಕೂ ನಡುವೆ ಸ್ವರ್ಣಾ ನದಿ, ಬ್ರಹ್ಮಾವರದಿಂದ ಬಡಗಕ್ಕೆ ಸೀತಾ ನದಿ, ಕುಂದಾಪುರಕ್ಕಂತೂ ಮೂರು ಕಡೆ ನೀರು. ಹೆದ್ದಾರಿಯ ಸೇತುವೆಗಳಿಲ್ಲದ ಆ ದಿನಗಳಲ್ಲಿ ಎರಡಾಣೆ ಕಟ್ಟಲು ಹೊಳೆ ದಾಟಿ ಹೋಗುವವನು ಅದಕ್ಕಿಂತ ಹೆಚ್ಚಿನ ಕೂಲಿಯನ್ನು ಕಳೆದುಕೊಳ್ಳುತ್ತಿದ್ದನು. ಬಡವರು ಉಳಿಸದೆ ಇರುವುದಕ್ಕೆ ದುಂದುಗಾರಿಕೆಯೇ ಕಾರಣವೆಂದು ಹೇಳುವವರು ಅಂದೂ ಇದ್ದರು, ಇಂದೂ ಇದ್ದಾರೆ. ದೂರವೂ ಒಂದು ಕಾರಣವೆಂಬುದನ್ನು ಬ್ರಹ್ಮಾವರದ ಪ್ರಯೋಗ ತೋರಿಸಿತು.

ಎರಡಾಣೆಯೆಂದರೆ ರೂಪಾಯಿಯ ಎಂಟನೆಯ ಒಂದು ಭಾಗ. ಒಂದು ವರ್ಷ ತಪ್ಪದೆ ಕಟ್ಟಿದರೆ 45 ರೂಪಾಯಿ 10 ಆಣೆಯಾಗುತ್ತದೆ. ಏಳು ವರ್ಷಕ್ಕೆ, ಬಡ್ಡಿಯನ್ನು ಬಿಟ್ಟೇ, 319 ರೂಪಾಯಿ 6 ಆಣೆ. ಅಂದಿನ ಕೂಲಿಕಾರನಿಗೆ ಇದು ಅಲ್ಪ ಮೊತ್ತವಲ್ಲ. ಆದರೆ ಬ್ಯಾಂಕಿಗೆ ಇದರಿಂದ ಲಾಭವೆಲ್ಲಿ? ದಿನದಿನವೂ ಮನೆಮನೆಗೆ ಆಳನ್ನು ಕಳುಹಿಸಿ ಚಿಲ್ಲರೆ ಕೂಡಿಹಾಕುವುದು ನಷ್ಟದ ವ್ಯವಹಾರವಲ್ಲವೆ? ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಗ್ರಾಹಕನಿಷ್ಠೆ ಎಂಬುದು ಬರಿಯ ಸೌಜನ್ಯದ ಮಾತಲ್ಲ, ಅಳೆಯಬಹುದಾದ ರಾಶಿ ಎಂಬುದು ಈ ಲೆಕ್ಕದಿಂದಲೇ ತಿಳಿಯುತ್ತದೆ.

ಒಬ್ಬ ಅಂಗಡಿಯವನು ದಿನಕ್ಕೆ 10 ರೂಪಾಯಿ ಕಟ್ಟುತ್ತಾನೆಂದು ಭಾವಿಸೋಣ. ವರ್ಷದ ಕೊನೆಗೆ 3,650 ರೂಪಾಯಿ. ಕಾಲವನ್ನು ಅಡ್ಡರೇಖೆಯ ಮೇಲೂ ಖಾತೆಯಲ್ಲಿರುವ ಹಣವನ್ನು ಲಂಬರೇಖೆಯ ಮೇಲೂ ಗುರುತಿಸಿದರೆ ಸೊನ್ನೆಯಿಂದ ಮೇಲೇರುವ ಒಂದು ಓರೆಗೆರೆ ದೊರೆಯುತ್ತದೆ. ನಿಶ್ಚಲಸ್ಥಿತಿಯಿಂದ ಹೊರಟು ಏಕರೂಪ ವೇಗೋತ್ಕರ್ಷದಿಂದ ಚಲಿಸುವ ಕಾಯದ ನಕ್ಷೆಯೂ ಹೀಗೆಯೇ ಇರುತ್ತದೆಂದು ನೀವು ಕಲಿತಿದ್ದೀರಿ. ಅಲ್ಲಿ ಗೆರೆಯ ಕೆಳಗಿನ ತ್ರಿಕೋನದ ವಿಸ್ತೀರ್ಣವೇ ಕ್ರಮಿಸಿದ ದೂರ. ಇಲ್ಲಿ ಅದೇ ವಿಸ್ತೀರ್ಣಕ್ಕೆ ಅನುಗುಣವಾಗಿ ಬಡ್ಡಿ. ತ್ರಿಕೋನವು ಆಯತದ ಅರ್ಧವಾದ್ದರಿಂದ, ವರ್ಷವಿಡೀ ಕಟ್ಟಿದ ಹಣ ಬ್ಯಾಂಕಿನ ಬಳಿ ಇದ್ದದ್ದು ಸರಾಸರಿ ಅರ್ಧ ವರ್ಷ ಮಾತ್ರ. ಮೊದಲ ದಿನದ ಹತ್ತು ರೂಪಾಯಿ ಪೂರ್ತಿ ವರ್ಷ ಇತ್ತು ನಿಜ, ಕೊನೆಯ ದಿನದ ಹತ್ತು ರೂಪಾಯಿ ಬಂದಂತೆಯೇ ಹೋಯಿತು.

ಇನ್ನು ಸಂಗ್ರಾಹಕನ ಕಮಿಷನ್ನು. ನೂರು ರೂಪಾಯಿಗೆ ಮೂರು ರೂಪಾಯಿ ಎಂದಿಟ್ಟುಕೊಳ್ಳೋಣ. ಈ ಮೂರು ರೂಪಾಯಿಯನ್ನು ಹಣ ಬಂದಾಗ ಒಮ್ಮೆ ಕೊಟ್ಟರೆ ಮುಗಿಯಿತು. ಹಣ ಎಷ್ಟು ಕಾಲ ಉಳಿದರೂ ಮತ್ತೆ ಕೊಡಬೇಕಾಗಿಲ್ಲ. ಗ್ರಾಹಕನು ಒಂದೇ ವರ್ಷದಲ್ಲಿ ಖಾತೆ ಮುಚ್ಚಿದರೆ, ಸರಾಸರಿ ಅರ್ಧ ವರ್ಷದ ಬಳಕೆಗೆ ಶೇಕಡ 3 ವೆಚ್ಚ; ಎಂದರೆ ವಾರ್ಷಿಕ ದರ ಶೇಕಡ 6. ಠೇವಣಿದಾರನಿಗೆ ಒಂದು ಕಾಸು ಬಡ್ಡಿ ಕೊಡುವ ಮೊದಲೇ ಇಷ್ಟು ಭಾರ. ಆತ ಮೂರು ವರ್ಷ ಮುಂದುವರಿಸಿದರೆ ಸರಾಸರಿ ಕಾಲ ಒಂದೂವರೆ ವರ್ಷ. ಭಾರ ಶೇಕಡ 2ಕ್ಕೆ ಇಳಿಯುತ್ತದೆ. ಏಳು ವರ್ಷ ನಿಂತರೆ ಶೇಕಡ 0.86ರಷ್ಟು ಮಾತ್ರ. ಹಣ ಅದೇ, ಸಂಗ್ರಾಹಕನೂ ಅವನೇ, ನಡೆಯುವ ಬೀದಿಯೂ ಅದೇ. ಗ್ರಾಹಕ ನಿಂತನೇ ಹೋದನೇ ಎಂಬ ಒಂದು ಅಂಶದಿಂದ ವೆಚ್ಚ ಏಳರಲ್ಲೊಂದು ಪಾಲಿಗೆ ಇಳಿಯಿತು. ಅವಧಿಗೆ ಮುನ್ನ ಪಿಗ್ಮಿ ಹಣ ಹಿಂದೆಗೆದುಕೊಂಡರೆ ಬಡ್ಡಿ ಸಿಗುವುದಿಲ್ಲ, ಕೆಲವೆಡೆ ಅಸಲಿನಲ್ಲೂ ಮುರಿದುಕೊಳ್ಳುತ್ತಾರೆಂದು ಜನ ದೂರುವುದುಂಟು. ದೂರು ನ್ಯಾಯವೇ ಇರಬಹುದು. ಅದರ ಮೂಲ ಮಾತ್ರ ಈ ತ್ರಿಕೋನದಲ್ಲಿದೆ.

ಪಶ್ಚಿಮ ಆಫ್ರಿಕದ ಘಾನಾ ಮೊದಲಾದ ದೇಶಗಳಲ್ಲಿ ‘ಸುಸು’ ಎಂಬ ಪದ್ಧತಿ ಇದೆ. ಅಲ್ಲಿಯೂ ಸಂಗ್ರಾಹಕ ದಿನವೂ ಸಂತೆಯಲ್ಲಿ ಸುತ್ತಿ ಹಣ ಪಡೆಯುತ್ತಾನೆ. ತಿಂಗಳ ಕೊನೆಗೆ ಒಂದು ದಿನದ ಮೊತ್ತವನ್ನು ತನ್ನ ಕೂಲಿಯಾಗಿ ಇಟ್ಟುಕೊಂಡು ಉಳಿದುದನ್ನು ಹಿಂದಿರುಗಿಸುತ್ತಾನೆ. ಮೂವತ್ತರಲ್ಲಿ ಒಂದು ಎಂದರೆ ಶೇಕಡ 3.3. ನಾವು ಊಹಿಸಿಕೊಂಡ ದರಕ್ಕೆ ಎಷ್ಟು ಹತ್ತಿರ! ಆದರೆ ಅಲ್ಲಿ ಆ ವೆಚ್ಚವನ್ನು ತೆರುವವನು ಉಳಿತಾಯಗಾರ, ಪಿಗ್ಮಿಯಲ್ಲಿ ಬ್ಯಾಂಕು. ಬ್ಯಾಂಕಿಗೆ ಇದು ಸಾಧ್ಯವಾದದ್ದು ಹಣ ದೀರ್ಘಕಾಲ ನಿಲ್ಲುತ್ತದೆಂಬ ಭರವಸೆಯಿಂದ, ಹಾಗೂ ಆ ಹಣವನ್ನು ಸಾಲವಾಗಿ ದುಡಿಸಬಹುದೆಂಬುದರಿಂದ. 1946ರಲ್ಲಿ ಈ ಬ್ಯಾಂಕು ಗ್ರಾಮಾಂತರದಲ್ಲಿ ಒಂದೇ ದಿನ 29 ಶಾಖೆಗಳನ್ನು ತೆರೆಯಿತು. ಇತರ ಬ್ಯಾಂಕುಗಳೂ ಸಹಕಾರಿ ಸಂಘಗಳೂ ಕ್ರಮೇಣ ಪಿಗ್ಮಿಯನ್ನು ಅನುಕರಿಸಿದವು. ಒಂದು ಸಂಸ್ಥೆಯ ಅಂಕಿತನಾಮ ಹೀಗೆ ಕನ್ನಡದ ಸಾಮಾನ್ಯ ನಾಮವಾಗಿಬಿಟ್ಟಿತು.

ಭರವಸೆ ನಿಂತಿರುವುದು ಲೆಕ್ಕದ ಮೇಲೆ. ಮೊದಲಿನಿಂದಲೂ ಪಿಗ್ಮಿಗೆ ಎರಡು ದಾಖಲೆಗಳಿದ್ದವು: ಗ್ರಾಹಕನ ಕೈಯಲ್ಲಿ ಒಂದು ಕಾರ್ಡು, ಶಾಖೆಯಲ್ಲಿ ಒಂದು ಖಾತೆ ಪುಸ್ತಕ. ಒಂದೇ ಸಂಗತಿಯನ್ನು ಎರಡು ಕಡೆ ಬರೆಯುವುದು ದಂಡವೆಂದು ತೋರಬಹುದು. ಮಾಹಿತಿಶಾಸ್ತ್ರದಲ್ಲಿ ಇದು ಮೂಲಭೂತವಾದ ಉಪಾಯ. ತಪ್ಪನ್ನು ಕಂಡುಹಿಡಿಯಬೇಕಾದರೆ ಅವಶ್ಯಕ್ಕಿಂತ ಹೆಚ್ಚು ಮಾಹಿತಿ ಇರಲೇಬೇಕು. ಕೈಬರಹದ ಕಾಲದ ಗುಮಾಸ್ತರಿಗೆ ಇನ್ನೊಂದು ಸೊಗಸಾದ ಯುಕ್ತಿ ತಿಳಿದಿತ್ತು. ಎರಡು ಮೊತ್ತಗಳು ತಾಳೆಯಾಗದಿದ್ದಾಗ ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡುತ್ತಿದ್ದರು. ನಿಶ್ಶೇಷವಾಗಿ ಭಾಗಿಸಲ್ಪಟ್ಟರೆ ಯಾರೋ ಅಂಕಿಗಳನ್ನು ಅದಲು ಬದಲು ಮಾಡಿರಬಹುದೆಂದು ಸಂಶಯ. 47ರ ಬದಲು 74 ಬರೆದರೆ ವ್ಯತ್ಯಾಸ 27. ಕಾರಣ ಸರಳವಾಗಿದೆ. ಹತ್ತರ ಸ್ಥಾನದ ಅಂಕಿ ಬಿಡಿಯ ಸ್ಥಾನಕ್ಕೆ ಇಳಿದಾಗ ತನ್ನ ಬೆಲೆಯಲ್ಲಿ ಒಂಬತ್ತು ಪಟ್ಟು ಕಳೆದುಕೊಳ್ಳುತ್ತದೆ, ಬಿಡಿಯದು ಮೇಲೇರಿ ಒಂಬತ್ತು ಪಟ್ಟು ಗಳಿಸುತ್ತದೆ. ಆದ್ದರಿಂದ ವ್ಯತ್ಯಾಸವು ಯಾವಾಗಲೂ 9ರ ಅಪವರ್ತ್ಯ.

ಈ ಯುಕ್ತಿಯನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ನಾನು ಪಿ.ಯು.ಸಿ. ಸೇರುವ ವರ್ಷ ನಮ್ಮ ಅಮ್ಮ ದಿನಕ್ಕೆ ಐದು ರೂಪಾಯಿಯಂತೆ ಒಂದು ಸಂಸ್ಥೆಯಲ್ಲಿ ಕಟ್ಟಿದ್ದ ಪಿಗ್ಮಿಯನ್ನು ಬಿಡಿಸಲು ಹೋದರು. ಅದು ಯಾವ ಸಂಸ್ಥೆಯೆಂಬುದು ಇಲ್ಲಿ ಬೇಡ. ಕಾರ್ಡಿನಲ್ಲಿ 1,520 ರೂಪಾಯಿ ಇತ್ತು. ಖಾತೆ ಪುಸ್ತಕದಲ್ಲಿ 1,220. ‘ಬರೆಯುವಾಗ ಅಂಕಿ ತಪ್ಪಿರಬೇಕಮ್ಮ’ ಎಂದರು ಅಲ್ಲಿದ್ದವರು. ಜೊತೆಗೆ ಬಂದಿದ್ದ, ನಿವೃತ್ತ ಗುಮಾಸ್ತರಾದ ನಮ್ಮ ದೊಡ್ಡಪ್ಪ ‘ಮುನ್ನೂರು ಒಂಬತ್ತರಿಂದ ಹೋಗುವುದಿಲ್ಲ, ಐದರಿಂದ ಅರವತ್ತು ಸಲ ಹೋಗುತ್ತದೆ’ ಎಂದಷ್ಟೇ ಹೇಳಿದರು. ಅರವತ್ತು ದಿನದ ಹಣ ಸಂಗ್ರಾಹಕನ ಕೈಯಿಂದ ಮುಂದಕ್ಕೆ ಹೋಗಿರಲೇ ಇಲ್ಲ. ಕಾರ್ಡಿನಲ್ಲಿ ಪ್ರತಿ ದಿನಕ್ಕೂ ಅವನದೇ ಸಹಿ ಇದ್ದುದರಿಂದ ನಾಲ್ಕು ತಿಂಗಳ ಬಳಿಕ ಪೂರ್ತಿ ಹಣ ಬಂದಿತು. ಅಷ್ಟರಲ್ಲಿ ನನ್ನ ಶುಲ್ಕಕ್ಕಾಗಿ ಅಮ್ಮನ ಬಳೆಗಳು ಅಡವಿಗೆ ಹೋಗಿದ್ದವು. ಅವರು ಮತ್ತೆಂದೂ ಪಿಗ್ಮಿ ಕಟ್ಟಲಿಲ್ಲ. ಒಬ್ಬ ನಿಷ್ಠ ಗ್ರಾಹಕನನ್ನು ಕಳೆದುಕೊಳ್ಳಲು ಎಷ್ಟು ವೆಚ್ಚವಾಗುತ್ತದೆಂಬುದನ್ನು ಆ ಸಂಸ್ಥೆ ಲೆಕ್ಕ ಹಾಕಿತೋ ಇಲ್ಲವೋ ತಿಳಿಯದು.

ಈಗಿನ ಕೈಯಂತ್ರ ಮುಚ್ಚಿರುವುದು ಇದೇ ಬಿರುಕನ್ನು. ಭಾರತದ ಬ್ಯಾಂಕುಗಳಲ್ಲಿ ಗಣಕಗಳ ಬಳಕೆಗೆ ದಾರಿ ತೆರೆದದ್ದು 1984ರ ರಂಗರಾಜನ್ ಸಮಿತಿಯ ವರದಿ. ಆದರೆ ಶಾಖೆಯ ಒಳಗೆ ಗಣಕ ಬಂದ ಮೇಲೂ ಬಹುಕಾಲ ಸಂಗ್ರಾಹಕನ ಕೈಯಲ್ಲಿ ಇದ್ದದ್ದು ಲೇಖನಿಯೇ. ಈಗ ಬೆಳಿಗ್ಗೆ ಶಾಖೆಯ ಗಣಕದಿಂದ ಅವನ ಪಾಲಿನ ಖಾತೆಗಳ ಪಟ್ಟಿ, ಹಿಂದಿನ ಶಿಲ್ಕು ಸಹಿತವಾಗಿ, ಯಂತ್ರದ ಸ್ಮೃತಿಗೆ ಇಳಿಯುತ್ತದೆ. ಗ್ರಾಹಕನೆದುರು ಒತ್ತಿದ ಮೊತ್ತ ಆ ಕ್ಷಣದಲ್ಲೇ ಚೀಟಿಯಾಗಿಯೂ ದಾಖಲೆಯಾಗಿಯೂ ಅಚ್ಚಾಗುತ್ತದೆ. ಚೀಟಿಯಲ್ಲಿ ಒಂದು, ಸ್ಮೃತಿಯಲ್ಲಿ ಇನ್ನೊಂದು ಎಂದಾಗಲು ಎಡೆಯಿಲ್ಲ. ಸಂಜೆ ಯಂತ್ರದ ಒಟ್ಟು ಮೊತ್ತಕ್ಕೂ ಚೀಲದ ನಗದಿಗೂ ತಾಳೆಯಾಗಬೇಕು. ಹೊಸ ಯಂತ್ರಗಳು ಸಂಜೆಯವರೆಗೂ ಕಾಯುವುದಿಲ್ಲ. ಮೊಬೈಲ್ ಜಾಲದ ಮೂಲಕ ತಕ್ಷಣ ವಿವರ ಕಳುಹಿಸುತ್ತವೆ, ಗ್ರಾಹಕನ ಫೋನಿಗೆ ಸಂದೇಶ ಬರುತ್ತದೆ. ಅರವತ್ತು ದಿನ ಅಡಗಿ ಕುಳಿತಿದ್ದ ತಪ್ಪು ಈಗ ಅರವತ್ತು ಸೆಕೆಂಡು ಅಡಗುವುದೂ ಕಷ್ಟ.

ಯಂತ್ರಕ್ಕೆ ತಿಳಿಯದ ಸಂಗತಿಗಳೂ ಇವೆ. ಗಂಗೊಳ್ಳಿಯಿಂದ ಬೈಂದೂರಿನ ಶಿರೂರಿನವರೆಗೆ ಎಷ್ಟೋ ಮನೆಗಳ ಗಳಿಕೆ ಕಡಲನ್ನು ಅವಲಂಬಿಸಿದೆ. ಜೂನ್ ಮತ್ತು ಜುಲೈ ತಿಂಗಳಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳು ದಕ್ಕೆಯಲ್ಲಿರುತ್ತವೆ, ಪಿಗ್ಮಿಯೂ ನಿಲ್ಲುತ್ತದೆ. ದಿನವೂ ಬರುವ ಸಂಗ್ರಾಹಕನಿಗೆ ಇದು ಕೇಳದೆಯೇ ಗೊತ್ತು. ಯಾರ ಬಲೆ ಹರಿದಿದೆ, ಯಾರ ಮನೆಯಲ್ಲಿ ಮದುವೆ, ಯಾರು ಆಗಸ್ಟಿನಲ್ಲಿ ಮತ್ತೆ ಕಟ್ಟುವವರೆಂಬುದೂ ಗೊತ್ತು. ಸಾಲ ಕೊಡಬೇಕಾದ ಬ್ಯಾಂಕಿಗೆ ಇದಕ್ಕಿಂತ ಬೆಲೆಯುಳ್ಳ ಮಾಹಿತಿ ಇನ್ನೊಂದಿಲ್ಲ. ಅದೇ ಖಾತೆಯನ್ನು ದೂರದ ಊರಿನ ಗಣಕವೊಂದು ಕೇವಲ ಅಂಕಿಗಳಾಗಿ ಓದಿದರೆ ಎರಡು ತಿಂಗಳ ಸೊನ್ನೆಗಳನ್ನು ಕಂಡು ‘ಅನಿಯಮಿತ’ ಎಂದು ಗುರುತು ಹಾಕೀತು. ಗಣಕದ್ದು ತಪ್ಪಲ್ಲ; ನಿಷೇಧದ ಎರಡು ತಿಂಗಳುಗಳ ಮಾಹಿತಿಯನ್ನು ಅದಕ್ಕೆ ಒದಗಿಸದವರದು ತಪ್ಪು. ಇಷ್ಟೆಲ್ಲ ಬಲ್ಲ ಸಂಗ್ರಾಹಕರು ಕಾನೂನಿನ ದೃಷ್ಟಿಯಲ್ಲಿ ಕಾರ್ಮಿಕರೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತದ್ದು 2001ರಲ್ಲಿ, ಯೋಜನೆ ಹುಟ್ಟಿ ಎಪ್ಪತ್ತಮೂರು ವರ್ಷಗಳಾದ ಮೇಲೆ.

2016ರಲ್ಲಿ ಯು.ಪಿ.ಐ. ಬಂದ ಬಳಿಕ ಹೂವಿನಂಗಡಿಯಾಕೆಯ ಗಲ್ಲಕ್ಕೆ ನಗದು ಬರುವುದೇ ಕಡಿಮೆಯಾಗಿದೆ. ಗ್ರಾಹಕರು ಚೌಕುಳಿ ಚಿತ್ರಕ್ಕೆ ಫೋನು ಹಿಡಿದು ನೇರವಾಗಿ ಖಾತೆಗೆ ಕಳುಹಿಸುತ್ತಾರೆ. ಹಾಗಿದ್ದರೂ ಪಿಗ್ಮಿ ಯಾಕೆ ಎಂದು ಆಕೆಯನ್ನು ಕೇಳಿದೆ. ‘ಫೋನಿಗೆ ಬಂದದ್ದು ಫೋನಿನಲ್ಲೇ ಹೋಗುತ್ತದೆ ಮಾಷ್ಟ್ರೆ, ಇವರು ತೆಗೆದುಕೊಂಡು ಹೋದದ್ದು ಉಳಿಯುತ್ತದೆ’ ಎಂದರು.

ನಿಮ್ಮ ಮನೆಯಲ್ಲಿ ಪಿಗ್ಮಿ ಇದ್ದರೆ ಒಂದು ವರ್ಷದ ಚೀಟಿಗಳನ್ನು ಸೇರಿಸಿ ನಕ್ಷೆ ಬರೆದು ನೋಡಿರಿ. ಓರೆಗೆರೆ ಎಲ್ಲಿ ಸಮತಟ್ಟಾಗುತ್ತದೆ, ಏಕೆ ಎಂದು ಮನೆಯವರನ್ನು ಕೇಳಿರಿ. ಈ ಕೆಲಸವನ್ನು ಬೇಗ ಮಾಡಬೇಕು. ಯಂತ್ರದ ಚೀಟಿಯಲ್ಲಿ ಶಾಯಿ ಇರುವುದಿಲ್ಲ. ಕಾಗದದ ಮೇಲಿನ ರಾಸಾಯನಿಕ ಲೇಪ ಶಾಖ ತಗಲಿದಲ್ಲಿ ಕಪ್ಪಾಗಿ ಅಕ್ಷರ ಮೂಡುತ್ತದೆ. ಬಿಸಿಲು, ಬೆವರು, ಎಣ್ಣೆಗಳಿಂದ ಕೆಲವೇ ತಿಂಗಳುಗಳಲ್ಲಿ ಅದು ಮಾಸಿ ಬಿಳಿಯ ಕಾಗದವಾಗಿಬಿಡಬಹುದು. ನಮ್ಮ ಅಮ್ಮನ ಕಾರ್ಡಿನಲ್ಲಿದ್ದ ನೀಲಿ ಶಾಯಿಯ ಸಹಿಗಳನ್ನು ಮಾತ್ರ ಈಗಲೂ ಓದಬಹುದು.